ಸಂಸದರ ಆತ್ಮಕಥೆಗಳಲ್ಲಿ ಸಂಸತ್ತು

1975ರ ಜೂನ್ ಕೊನೆಯ ವಾರ ದೆಹಲಿಯಿಂದ ಬೆಂಗಳೂರಿಗೆ ಬಂದಿಳಿದ ಕೆಲವು ಸಂಸದರಿಗೆ ಇಲ್ಲೊಂದು ಸಭೆಯಿತ್ತು. ಪಕ್ಷಾಂತರ ತಡೆಯಲು ರೂಪಿಸಿದ ಸಂವಿಧಾನ ತಿದ್ದುಪಡಿ ಮಸೂದೆಯನ್ನು ಸಂಸತ್ತಿನ ಜಂಟಿ ಸಮಿತಿ ಪರಿಶೀಲಿಸುತ್ತಿತ್ತು. ಆ ಸಮಿತಿ ಬೆಂಗಳೂರಿನಲ್ಲಿ ಸೇರಬೇಕಿತ್ತು. ಬಂದವರಲ್ಲಿ ಅಟಲ್ ಬಿಹಾರಿ ವಾಜಪೇಯಿ, ಲಾಲ್‌ಕೃಷ್ಣ ಆಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಇದ್ದರು. ಜೂನ್ 26ರ ಬೆಳಗಾಗುವಷ್ಟರಲ್ಲಿ ದೇಶದಲ್ಲಿ ತುರ್ತುಪರಿಸ್ಥಿತಿ ಜಾರಿಯಾಗಿತ್ತು. ಪೊಲೀಸರು ಬಂದು ಕರೆದೊಯ್ದರು. ಮಸೂದೆ ತಿದ್ದಲು ಬಂದವರು ಬೆಂಗಳೂರು ಸೆಂಟ್ರಲ್ ಜೈಲು ಸೇರಿದರು.

ಆ ಜೈಲುವಾಸದಿಂದ ಬರಹಗಳು ಹುಟ್ಟಿದವು. ಆಡ್ವಾಣಿಯವರ ಸೆರೆಮನೆ ದಿನಚರಿ ‘ಎ ಪ್ರಿಸನರ್ಸ್ ಸ್ಕ್ರ್ಯಾಪ್ ಬುಕ್’ 1978ರಲ್ಲಿ ಪ್ರಕಟವಾಯಿತು. ವಾಜಪೇಯಿ ಪದ್ಯ ಬರೆದರು. ಇಲ್ಲಿದ್ದ ದಂಡವತೆಯವರಿಗೂ ಪುಣೆಯ ಯರವಡಾ ಜೈಲಿನಲ್ಲಿದ್ದ ಅವರ ಪತ್ನಿ ಪ್ರಮೀಳಾ ಅವರಿಗೂ ಕಾಗದಗಳು ಓಡಾಡಿದವು. ಮೂರು ದಶಕದ ನಂತರ ಬಂದ ಆಡ್ವಾಣಿಯವರ ‘ಮೈ ಕಂಟ್ರಿ ಮೈ ಲೈಫ್’ (2008) ಸಾವಿರ ಪುಟಕ್ಕೆ ಹತ್ತಿರದ ಗ್ರಂಥ; ಬೆಂಗಳೂರಿನ ಜೈಲಿಗೆ ಅದರಲ್ಲಿಯೂ ಜಾಗವಿದೆ. ಸಮಿತಿಯ ಮುಂದಿದ್ದ ಮಸೂದೆ ಮಾತ್ರ 1977ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ತಾನಾಗಿ ಬಿದ್ದುಹೋಯಿತು. ಜೈಲಿನ ಕಥೆ ಇಂದಿಗೂ ನಾಡಿಗೆಲ್ಲ ಗೊತ್ತು. ಆ ಮಸೂದೆಯ ಮೇಲೆ ಯಾರು ಏನು ವಾದಿಸಿದರು, ಯಾವ ಕಲಮಿಗೆ ಯಾರು ತಕರಾರು ತೆಗೆದರು ಎಂಬುದನ್ನು ಬಲ್ಲವರು ವಿರಳ.

ಇಂದಿನ ಉಪನ್ಯಾಸದ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ. ಸಂಸತ್ತಿನಲ್ಲಿ ಇಪ್ಪತ್ತು, ಮೂವತ್ತು ವರ್ಷ ಕಳೆದವರು ಆತ್ಮಕಥೆ ಬರೆಯಲು ಕುಳಿತಾಗ ಅದರಲ್ಲಿ ಪಕ್ಷ ಬರುತ್ತದೆ, ನಾಯಕರು ಬರುತ್ತಾರೆ, ಟಿಕೆಟ್ಟಿನ ಜಗಳ ಬರುತ್ತದೆ, ಸೆರೆಮನೆ ಬರುತ್ತದೆ. ಸಂಸತ್ತು ಏಕೆ ಇಷ್ಟು ಕಡಿಮೆ ಬರುತ್ತದೆ?

ಯಶವಂತರಾವ್ ಚವಾಣರ ಉದಾಹರಣೆಯನ್ನು ನೋಡಬೇಕು. ಮರಾಠಿಯಲ್ಲಿ ಅವರು ಬರೆದ ‘ಕೃಷ್ಣಾಕಾಠ’ 1984ರಲ್ಲಿ ಹೊರಬಂತು. ಮೂರು ಸಂಪುಟಗಳ ಯೋಜನೆ ಅದು. ಮೊದಲನೆಯದು ಕೃಷ್ಣೆಯ ದಂಡೆಯ ಬಾಲ್ಯ, ಓದು, ಸ್ವಾತಂತ್ರ್ಯ ಚಳವಳಿಗೆ; ಎರಡನೆಯದು ಮುಂಬೈಯ ಕಡಲ ತೀರದ ವರ್ಷಗಳಿಗೆ; ಮೂರನೆಯದು ಯಮುನೆಯ ದಡದ ದೆಹಲಿಗೆ. ಸಾತಾರಾ ಸೀಮೆಯ ದೇವರಾಷ್ಟ್ರೆ ಎಂಬ ಹಳ್ಳಿಯ ಬಡತನದಿಂದ ಹೊರಟ ಮೊದಲ ಸಂಪುಟ 1946ಕ್ಕೆ ನಿಲ್ಲುತ್ತದೆ. ಅದು ಪ್ರಕಟವಾದ ವರ್ಷವೇ, ನವೆಂಬರ್ 25ರಂದು, ಚವಾಣರು ತೀರಿಕೊಂಡರು. 1962ರ ಚೀನಾ ಯುದ್ಧದ ಸೋಲಿನ ನಂತರ ನೆಹರೂ ಚವಾಣರನ್ನು ರಕ್ಷಣಾ ಸಚಿವರಾಗಿ ಕರೆಸಿಕೊಂಡಿದ್ದರು. ಮುಂದೆ ಗೃಹ, ಹಣಕಾಸು, ವಿದೇಶಾಂಗ ಖಾತೆಗಳು; 1977ರಲ್ಲಿ ವಿರೋಧ ಪಕ್ಷದ ನಾಯಕನ ಸ್ಥಾನ; 1979ರಲ್ಲಿ ಉಪಪ್ರಧಾನಿ ಪದವಿ. ಇಷ್ಟೂ ಯಮುನೆಯ ಸಂಪುಟಕ್ಕೆ ಸೇರಬೇಕಾದ ವಿಷಯ. ಆ ಸಂಪುಟ ಬರಲೇ ಇಲ್ಲ. ಸೋತ ಸೇನೆಯನ್ನು ಮತ್ತೆ ಕಟ್ಟುವಾಗ ಸಂಸತ್ತಿಗೆ ಏನು ಹೇಳಬೇಕು, ಏನು ಹೇಳಬಾರದು ಎಂದು ನಿರ್ಧರಿಸಿದ ಮನುಷ್ಯನ ನೆನಪು ಬರಹಕ್ಕೆ ಇಳಿಯದೆ ಹೋಯಿತು. ಭಾರತದ ಸಂಸದೀಯ ಸಾಹಿತ್ಯದಲ್ಲಿ ಇದಕ್ಕಿಂತ ದೊಡ್ಡ ನಷ್ಟ ಕಾಣುವುದಿಲ್ಲ.

ಪಿ.ವಿ. ನರಸಿಂಹರಾವ್ ಅವರ ಕಥೆಯೂ ದೆಹಲಿಯ ಹೊಸ್ತಿಲಲ್ಲೇ ನಿಲ್ಲುತ್ತದೆ, ಆದರೆ ಕಾರಣ ಬೇರೆ. ಅವರು ಆತ್ಮಕಥೆ ಬರೆಯದೆ ಕಾದಂಬರಿ ಬರೆದರು. 1998ರಲ್ಲಿ ಬಂದ ‘ದಿ ಇನ್‌ಸೈಡರ್’ನಲ್ಲಿ ನಾಯಕನ ಹೆಸರು ಆನಂದ್, ರಾಜ್ಯದ ಹೆಸರು ಅಫ್ರೋಜಾಬಾದ್. ಆಂಧ್ರದ ಮುಖ್ಯಮಂತ್ರಿಯಾಗಿ ಭೂಸುಧಾರಣೆಗೆ ಕೈಹಾಕಿ 1973ರಲ್ಲಿ ಕುರ್ಚಿ ಬಿಟ್ಟ ರಾಯರ ಅನುಭವ ಅದರಲ್ಲಿದೆ ಎಂಬುದು ಓದಿದವರಿಗೆಲ್ಲ ತಿಳಿಯುತ್ತದೆ. ಕೇಂದ್ರದ ಮಂತ್ರಿಯಾಗಿ, ಪ್ರಧಾನಿಯಾಗಿ ಕಂಡದ್ದು ಅದರಲ್ಲಿಲ್ಲ. ‘ಅಯೋಧ್ಯೆ 6 ಡಿಸೆಂಬರ್ 1992’ ಎಂಬ ಪುಸ್ತಕವನ್ನು ಬರೆದಿಟ್ಟಿದ್ದರು. ಅವರು ತೀರಿಕೊಂಡ ಮೇಲೆ, 2006ರಲ್ಲಿ ಅದು ಅಚ್ಚಾಯಿತು. ಅಲ್ಪಮತದ ಸರ್ಕಾರವೊಂದನ್ನು ಐದು ವರ್ಷ ಸದನದಲ್ಲಿ ಉಳಿಸಿಕೊಂಡ ನಾಯಕ ಆ ಐದು ವರ್ಷದ ಸದನದ ಬಗ್ಗೆ ಮನಬಿಚ್ಚಿ ಬರೆದಿದ್ದರೆ, 1991ರ ಆರ್ಥಿಕ ಬದಲಾವಣೆಗೆ ಮತ ಹೇಗೆ ಕೂಡಿಬಂತು ಎಂಬುದು ಅವರ ಮಾತಿನಲ್ಲೇ ಸಿಗುತ್ತಿತ್ತು.

ಕಾನೂನಿನ ಅಡ್ಡಿಯೂ ಇದೆ. ಸಂವಿಧಾನದ 105ನೇ ವಿಧಿಯ ಪ್ರಕಾರ ಸದನದಲ್ಲಿ ಆಡಿದ ಮಾತಿಗೆ ಸಂಸದನ ಮೇಲೆ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡುವಂತಿಲ್ಲ. ಅದೇ ಆರೋಪವನ್ನು ಪುಸ್ತಕದಲ್ಲಿ ಹೊಸದಾಗಿ ಬರೆದರೆ ಆ ರಕ್ಷಣೆಯಿಲ್ಲ. ಮಾನಹಾನಿ ಕಾನೂನು ಸಾಮಾನ್ಯ ಲೇಖಕನಿಗೆ ಹೇಗೋ ಮಾಜಿ ಸಂಸದನಿಗೂ ಹಾಗೆಯೇ. ಮಂತ್ರಿಯಾದವರು ಗೋಪ್ಯತೆಯ ಪ್ರಮಾಣವನ್ನೂ ಸ್ವೀಕರಿಸಿರುತ್ತಾರೆ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ಬ್ರಿಟನ್ನಿನಲ್ಲಿ ಈ ಪ್ರಶ್ನೆ ನೇರವಾಗಿ ನ್ಯಾಯಾಲಯದ ಮೆಟ್ಟಿಲೇರಿತು. ಲೇಬರ್ ಪಕ್ಷದ ಸಂಸದ, ಮಾಜಿ ಮಂತ್ರಿ ರಿಚರ್ಡ್ ಕ್ರಾಸ್‌ಮನ್ ಬರೆದಿಟ್ಟ ದಿನಚರಿಯನ್ನು ಅವರ ಮರಣಾನಂತರ ಪ್ರಕಟಿಸಲು ಹೊರಟಾಗ ಸರ್ಕಾರ ತಡೆ ಕೋರಿತು. ಹತ್ತು ವರ್ಷದಷ್ಟು ಹಳೆಯ ಸಂಪುಟ ಸಭೆಯ ವಿವರ ಹೊರಬಂದರೆ ಇಂದಿನ ಆಡಳಿತಕ್ಕೆ ಧಕ್ಕೆಯಿಲ್ಲ ಎಂದು 1975ರಲ್ಲಿ ನ್ಯಾಯಾಲಯ ತಡೆ ನಿರಾಕರಿಸಿತು. ಅಲ್ಲಿ ಎಷ್ಟು ವರ್ಷ ಕಾಯಬೇಕು ಎಂಬ ಚರ್ಚೆ ಬಹಿರಂಗವಾಗಿ ನಡೆಯಿತು. ನಮ್ಮಲ್ಲಿ ಪ್ರತಿಯೊಬ್ಬ ಲೇಖಕನೂ ತನ್ನ ಗೆರೆಯನ್ನು ತಾನೇ ಎಳೆದುಕೊಳ್ಳುತ್ತಾನೆ.

ಆ ಗೆರೆಯನ್ನು ಅತ್ಯಂತ ಎಚ್ಚರದಿಂದ ಎಳೆದವರು ಮೌಲಾನಾ ಅಬುಲ್ ಕಲಾಂ ಆಜಾದ್. ಮೊದಲ ಲೋಕಸಭೆಗೆ ರಾಂಪುರದಿಂದ, ಎರಡನೆಯದಕ್ಕೆ ಗುರಗಾಂವದಿಂದ ಆಯ್ಕೆಯಾದ ಅವರು ತಮ್ಮ ನೆನಪುಗಳನ್ನು ಉರ್ದುವಿನಲ್ಲಿ ಹೇಳುತ್ತಿದ್ದರು; ಹುಮಾಯೂನ್ ಕಬೀರ್ ಟಿಪ್ಪಣಿ ಮಾಡಿಕೊಂಡು ಇಂಗ್ಲಿಷಿನಲ್ಲಿ ಕರಡು ಸಿದ್ಧಪಡಿಸುತ್ತಿದ್ದರು; ಆಜಾದರು ಅದನ್ನು ಓದಿ ತಿದ್ದುತ್ತಿದ್ದರು. 1958ರ ಫೆಬ್ರುವರಿ 22ರಂದು ಅವರು ತೀರಿಕೊಂಡರು. ಮರುವರ್ಷ ‘ಇಂಡಿಯಾ ವಿನ್ಸ್ ಫ್ರೀಡಂ’ ಬಂತು. ಅದರಲ್ಲಿ ಸುಮಾರು ಮೂವತ್ತು ಪುಟ ಇರಲಿಲ್ಲ. ಅವುಗಳನ್ನು ಮುದ್ರೆಯೊತ್ತಿ ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯದಲ್ಲೂ ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲೂ ಇಡಲಾಗಿತ್ತು. ಮೂವತ್ತು ವರ್ಷ ತೆರೆಯುವಂತಿರಲಿಲ್ಲ. 1988ರಲ್ಲಿ ಅವಧಿ ಮುಗಿದಾಗ ವ್ಯಾಜ್ಯ ಎದ್ದು, ನ್ಯಾಯಾಲಯ ದಾರಿಮಾಡಿಕೊಟ್ಟ ಮೇಲೆ ಪೂರ್ಣ ಪಾಠ ಹೊರಬಂತು. ದೇಶ ಬಾಂಬಿನಂಥ ಸುದ್ದಿಗೆ ಕಾದಿತ್ತು. ಸಿಕ್ಕಿದ್ದು ನೆಹರೂ, ಪಟೇಲ್, ಕೃಷ್ಣ ಮೆನನ್ ಮೊದಲಾದವರ ಬಗ್ಗೆ ಇನ್ನಷ್ಟು ನೇರವಾದ, ಕೆಲವೆಡೆ ಖಾರವಾದ ಅಭಿಪ್ರಾಯ.

ಆಜಾದರ ಪುಸ್ತಕದ ನಿಜವಾದ ತೂಕ ಅವರ ತಪ್ಪೊಪ್ಪಿಗೆಯಲ್ಲಿದೆ. 1946ರಲ್ಲಿ ಕಾಂಗ್ರೆಸ್ ಅಧ್ಯಕ್ಷ ಸ್ಥಾನಕ್ಕೆ ಪಟೇಲರನ್ನು ಬೆಂಬಲಿಸದೆ ತಾವು ತಪ್ಪಿದೆವು ಎಂದು, ನೆಹರೂ ಅವರಿಗೇ ಅರ್ಪಿಸಿದ ಪುಸ್ತಕದಲ್ಲಿ ಅವರು ಬರೆದಿದ್ದರು. ಜೀವನಪೂರ್ತಿ ಜೊತೆಗಿದ್ದ ಗೆಳೆಯನ ಬಗ್ಗೆ ಹೀಗೆ ಬರೆಯಲು ಎಂಥ ಗಟ್ಟಿತನ ಬೇಕು! ಆದರೂ ನೆನಪು ನೆನಪೇ. ಆಜಾದರ ವಿವರಗಳನ್ನು ದಾಖಲೆಗಳೊಂದಿಗೆ ಹೋಲಿಸಿ ರಾಜಮೋಹನ ಗಾಂಧಿಯವರು 1989ರಲ್ಲಿ ‘ಇಂಡಿಯಾ ವಿನ್ಸ್ ಎರರ್ಸ್’ ಎಂಬ ಇಡೀ ಪುಸ್ತಕವನ್ನೇ ಬರೆದರು. ನಮ್ಮ ರಾಜಕೀಯ ಆತ್ಮಕಥೆಗಳ ಪೈಕಿ ಇಷ್ಟು ಶ್ರಮದ ಓದು ದಕ್ಕಿದ್ದು ಬಹುಶಃ ಇದೊಂದಕ್ಕೇ.

ಉಳಿದವು ದೆಹಲಿಯ ಬಿಡುಗಡೆ ಸಮಾರಂಭದ ಮರುದಿನದ ಪತ್ರಿಕೆಗಳಲ್ಲಿ ಮುಗಿದುಹೋಗುತ್ತವೆ. 2014ರಲ್ಲಿ ನಟವರ ಸಿಂಗ್ ಅವರ ಪುಸ್ತಕ ಬಂದಾಗ ಸುದ್ದಿಯಾದದ್ದು ಸೋನಿಯಾ ಗಾಂಧಿ 2004ರಲ್ಲಿ ಪ್ರಧಾನಿ ಪದವಿ ಏಕೆ ಬೇಡವೆಂದರು ಎಂಬ ಒಂದು ಸಂಗತಿ. 2006ರಲ್ಲಿ ಜಸ್ವಂತ್ ಸಿಂಗ್ ಅವರ ‘ಎ ಕಾಲ್ ಟು ಆನರ್’ ಬಂದಾಗ ಪ್ರಧಾನಿ ಕಚೇರಿಯಲ್ಲಿ ಗೂಢಚಾರನಿದ್ದ ಎಂಬ ಒಂದು ಆರೋಪ. ಪ್ರಕಾಶಕರಿಗೂ ಇದು ಗೊತ್ತು, ಲೇಖಕರಿಗೂ ಗೊತ್ತು. ಆದ್ದರಿಂದ ಮೊಗಸಾಲೆಯಲ್ಲಿ ಪಿಸುಗುಟ್ಟಿದ್ದಕ್ಕೆ ಅಧ್ಯಾಯಗಳು ಸಿಗುತ್ತವೆ, ಸದನದ ಒಳಗೆ ಮಧ್ಯರಾತ್ರಿವರೆಗೆ ನಡೆದ ಕಲಮುವಾರು ಚರ್ಚೆಗೆ ಒಂದು ವಾಕ್ಯವೂ ಸಿಗುವುದಿಲ್ಲ. 1993ರಲ್ಲಿ ಇಲಾಖಾವಾರು ಸ್ಥಾಯಿ ಸಮಿತಿಗಳು ಬಂದವು. 2004ರ ಹೊತ್ತಿಗೆ ಅವು 24 ಆದವು. ಆಯವ್ಯಯದ ಬೇಡಿಕೆಗಳೂ ಅನೇಕ ಮಸೂದೆಗಳೂ ಆ ಸಮಿತಿಗಳ ಮುಂದೆ ಹಾದುಹೋಗುತ್ತವೆ, ಪಕ್ಷಗಳ ಬೇಲಿ ಅಲ್ಲಿ ಸ್ವಲ್ಪ ತಗ್ಗುತ್ತದೆ. ಸಭೆಗಳು ಬಾಗಿಲು ಮುಚ್ಚಿ ನಡೆಯುವುದರಿಂದ ವರದಿಗಾರರಿಗೆ ಪ್ರವೇಶವಿಲ್ಲ. ಅಂದರೆ ಅಲ್ಲಿನ ಅನುಭವವನ್ನು ಸದಸ್ಯರು ಬರೆಯದಿದ್ದರೆ ಬೇರೆ ಯಾರೂ ಬರೆಯಲಾರರು.

1985ರ ನಂತರ ಇನ್ನೊಂದು ಮೌನ ಸೇರಿಕೊಂಡಿದೆ. 52ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಹತ್ತನೇ ಅನುಸೂಚಿ ಬಂದು, ಪಕ್ಷದ ವಿಪ್ ಮೀರಿ ಮತ ಹಾಕಿದವರು ಸದಸ್ಯತ್ವವನ್ನೇ ಕಳೆದುಕೊಳ್ಳಬಹುದೆಂದಾಯಿತು. ಆ ಬಳಿಕ ಒಬ್ಬ ಸಂಸದ ಯಾವ ಮಸೂದೆಗೆ ಮನಸ್ಸಿಲ್ಲದೆ ಕೈ ಎತ್ತಿದ ಎಂಬುದು ಅವನಿಗೆ ಮಾತ್ರ ಗೊತ್ತಿರುವ ಸಂಗತಿ. ಮತವಿಭಜನೆಯ ಪಟ್ಟಿಯಲ್ಲಿ ಹೆಸರು ಸಿಗುತ್ತದೆ, ಮನಸ್ಸು ಸಿಗುವುದಿಲ್ಲ. ಆತ್ಮಕಥೆಯಿಂದ ನಿರೀಕ್ಷಿಸುವ ಹಕ್ಕು ಓದುಗರಿಗೆ ಇರುವುದು ಇಂಥ ಸಂಗತಿಗಳನ್ನೇ.

ಸದನವನ್ನೇ ವಸ್ತುವಾಗಿಸಿಕೊಂಡವರು ಇಲ್ಲವೆಂದಲ್ಲ. 1952ರಿಂದ 1977ರವರೆಗೆ ಲೋಕಸಭೆಯಲ್ಲಿದ್ದ ಕಲ್ಕತ್ತೆಯ ಕಮ್ಯುನಿಸ್ಟ್ ಸದಸ್ಯ ಹಿರೇನ್ ಮುಖರ್ಜಿ, ಸೋತ ಮರುವರ್ಷವೇ ‘ಪೋರ್ಟ್ರೇಟ್ ಆಫ್ ಪಾರ್ಲಿಮೆಂಟ್’ ಬರೆದರು. ಕಾಲು ಶತಮಾನದ ಲೋಕಸಭೆಯೇ ಅದರ ಕಥಾನಾಯಕ. ನೆಹರೂ ಅವರ ನೀತಿಯನ್ನು ಸದನದಲ್ಲಿ ವರ್ಷಗಟ್ಟಲೆ ಟೀಕಿಸಿದ ಮನುಷ್ಯ, ನೆಹರೂ ತೀರಿಕೊಂಡಾಗ ಅವರ ಮೇಲೆ ಗೌರವದ ಪುಸ್ತಕವೊಂದನ್ನೂ ಬರೆದಿದ್ದರು. ಎದುರಾಳಿಯನ್ನು ಹೀಗೆ ಗೌರವಿಸುವುದು ಆ ಕಾಲದ ಸದನದಲ್ಲಿ ಸಾಧ್ಯವಿತ್ತು ಎಂಬುದಕ್ಕೆ ಅವರ ಬರವಣಿಗೆಯೇ ಸಾಕ್ಷಿ. ಸಂಸತ್ತು ಅವರ ಹೆಸರಿನಲ್ಲಿ ಒಂದು ವಾರ್ಷಿಕ ಉಪನ್ಯಾಸವನ್ನು ಸ್ಥಾಪಿಸಿತು. 2008ರಲ್ಲಿ ಮೊದಲ ಉಪನ್ಯಾಸ ನೀಡಿದವರು ಅಮರ್ತ್ಯ ಸೇನ್.

ಅದೇ 2008 ಸೋಮನಾಥ ಚಟರ್ಜಿಯವರ ಜೀವನದ ಕಠಿಣ ವರ್ಷ. ಅವರ ‘ಕೀಪಿಂಗ್ ದ ಫೇಯ್ತ್’ (2010) ಎಂಬ ನೆನಪಿನ ಪುಸ್ತಕದ ಜೀವಾಳವೂ ಅದೇ. ತಂದೆ ಎನ್.ಸಿ. ಚಟರ್ಜಿ ಹಿಂದೂ ಮಹಾಸಭೆಯ ನಾಯಕರಾಗಿದ್ದವರು, ಸಂಸದರೂ ಹೌದು. ಮಗ 1971ರಲ್ಲಿ ಸಿಪಿಎಂ ಬೆಂಬಲದಿಂದ ಲೋಕಸಭೆಗೆ ಬಂದು ಹತ್ತು ಸಲ ಗೆದ್ದರು. 1984ರಲ್ಲಿ ಜಾದವಪುರದಲ್ಲಿ ಮಮತಾ ಬ್ಯಾನರ್ಜಿಯವರ ಎದುರು ಸೋತದ್ದು ಅವರ ಒಂದೇ ಸೋಲು. 2004ರಲ್ಲಿ ಸ್ಪೀಕರ್ ಆದ ಮೇಲೆ 2005ರ ಡಿಸೆಂಬರಿನಲ್ಲಿ ಪ್ರಶ್ನೆ ಕೇಳಲು ಹಣ ಪಡೆದ ಪ್ರಕರಣ ಬಯಲಾಗಿ ಲೋಕಸಭೆಯ ಹತ್ತು ಸದಸ್ಯರೂ ರಾಜ್ಯಸಭೆಯ ಒಬ್ಬರೂ ಉಚ್ಚಾಟಿತರಾದರು. 2008ರ ಜುಲೈಯಲ್ಲಿ ಅಮೆರಿಕದೊಂದಿಗಿನ ಅಣು ಒಪ್ಪಂದವನ್ನು ವಿರೋಧಿಸಿ ಎಡಪಕ್ಷಗಳು ಬೆಂಬಲ ಹಿಂತೆಗೆದುಕೊಂಡಾಗ, ಸಿಪಿಎಂ ರಾಷ್ಟ್ರಪತಿಗೆ ಕೊಟ್ಟ ಸಂಸದರ ಪಟ್ಟಿಯಲ್ಲಿ ಸ್ಪೀಕರ್ ಹೆಸರನ್ನೂ ಸೇರಿಸಿತ್ತು. ಸ್ಪೀಕರ್ ಪೀಠ ಪಕ್ಷಕ್ಕೆ ಸೇರಿದ್ದಲ್ಲ ಎಂದು ಚಟರ್ಜಿ ಹಟ ಹಿಡಿದು ಕುಳಿತರು. ಜುಲೈ 22ರಂದು ಸದನದಲ್ಲಿ ನೋಟಿನ ಕಂತೆಗಳು ಪ್ರದರ್ಶನಗೊಂಡ ಆ ಸಂಜೆ 275–256 ಮತಗಳಿಂದ ಸರ್ಕಾರ ಉಳಿಯಿತು. ಮರುದಿನ ಪಕ್ಷ ಅವರನ್ನು ಹೊರಹಾಕಿತು. ಪುಸ್ತಕದಲ್ಲಿ ನೋವಿದೆ, ಪಕ್ಷದ ನಾಯಕತ್ವದ ಮೇಲೆ ಸಿಟ್ಟಿದೆ. ಆದರೆ ಆ ಸಿಟ್ಟಿನ ಕೆಳಗೆ ಪೀಠವೆಂದರೇನು, ಪಕ್ಷವೆಂದರೇನು ಎಂಬ ಗಂಭೀರ ವಾದವಿದೆ. ಅದಕ್ಕಾಗಿ ಈ ಪುಸ್ತಕ ಕಾನೂನು ವಿದ್ಯಾರ್ಥಿಗಳ ಕೈಯಲ್ಲಿರಬೇಕು.

ಎಲ್ಲರಿಂದಲೂ ಇದನ್ನೇ ಕೇಳುವುದು ಸರಿಯಲ್ಲ. ಎ.ಕೆ. ಗೋಪಾಲನ್ 1957ರಿಂದ ಸತತ ಮೂರು ಸಲ ಕಾಸರಗೋಡಿನಿಂದ ಆಯ್ಕೆಯಾದವರು. 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಊರಿನ ಕನ್ನಡಿಗರಿಗೂ ಅವರೇ ಸಂಸದ. ಗುರುವಾಯೂರು ಸತ್ಯಾಗ್ರಹ, ಕಣ್ಣೂರಿನಿಂದ ಮದರಾಸಿಗೆ ನಡೆದ ಹಸಿವಿನ ಜಾಥಾ, ಮುನ್ನೆಚ್ಚರಿಕೆ ಬಂಧನದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿ 1950ರಲ್ಲಿ ಸೋತ ಪ್ರಸಿದ್ಧ ಮೊಕದ್ದಮೆ, ಇವೆಲ್ಲ ಅವರ ಬದುಕು. ಸಂಸದರಾಗಿದ್ದಾಗಲೇ 1961ರಲ್ಲಿ ಒಕ್ಕಲೆಬ್ಬಿಸಿದ ರೈತರಿಗಾಗಿ ಇಡುಕ್ಕಿ ಬೆಟ್ಟದ ಅಮರಾವತಿಯಲ್ಲಿ ಉಪವಾಸ ಕುಳಿತರು. ಅಂಥವರ ಕಥೆಯಲ್ಲಿ ಬೀದಿ ಹೆಚ್ಚು, ಸದನ ಕಡಿಮೆ ಇದ್ದರೆ ಅದು ಅವರ ಬದುಕಿಗೆ ನಿಷ್ಠವಾದದ್ದು.

ಮಹಿಳಾ ಸಂಸದರ ಆತ್ಮಕಥೆಗಳಲ್ಲಿ ಚಿತ್ರ ಬೇರೆಯೇ. ಹಿಂದೂ ಕಾನೂನಿನ ಸುಧಾರಣೆಯ ಚರ್ಚೆಯಲ್ಲಿ ಹೆಂಗಸರ ಪರ ಮಾತಾಡಲೆಂದೇ 1943ರಲ್ಲಿ ಕೇಂದ್ರ ಶಾಸನಸಭೆಗೆ ನಾಮನಿರ್ದೇಶನಗೊಂಡ ರೇಣುಕಾ ರೇ, ‘ಮೈ ರೆಮಿನಿಸೆನ್ಸಸ್’ (1982) ಬರೆದರು. ಅವರ ಸಾರ್ವಜನಿಕ ಬದುಕು ಒಂದು ಶಾಸನದ ಬೆನ್ನುಹತ್ತಿ ನಡೆದದ್ದು. ಮಂಗಳೂರಿನಲ್ಲಿ ಹುಟ್ಟಿದ ಮಾರ್ಗರೆಟ್ ಆಳ್ವ ಅವರ ‘ಕರೇಜ್ ಅಂಡ್ ಕಮಿಟ್‌ಮೆಂಟ್’ (2016) ಕೂಡ ಇದೇ ಸಾಲಿನದು. 1974ರಿಂದ ನಾಲ್ಕು ಅವಧಿ ರಾಜ್ಯಸಭೆ, 1999ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆ. ಅವರ ಅತ್ತೆ ವಯೊಲೆಟ್ ಆಳ್ವ, ಮಾವ ಜೋಕಿಂ ಆಳ್ವ ಇಬ್ಬರೂ 1952ರಲ್ಲೇ ಸಂಸತ್ತಿನಲ್ಲಿದ್ದರು. ಪತ್ರಿಕೆಗಳು ಈ ಪುಸ್ತಕದಿಂದ ಎತ್ತಿಕೊಂಡದ್ದು ಬೊಫೋರ್ಸ್ ಮತ್ತು ನರಸಿಂಹರಾವ್–ಸೋನಿಯಾ ಸಂಬಂಧದ ಸಂಗತಿಗಳನ್ನು. ಅದಕ್ಕಿಂತ ಬೆಲೆಯುಳ್ಳ ವಿಷಯ ಪಂಚಾಯಿತಿಗಳಲ್ಲಿ ಮಹಿಳಾ ಮೀಸಲಾತಿ. ಮಹಿಳೆಯರಿಗಾಗಿ 1988ರಲ್ಲಿ ರೂಪುಗೊಂಡ ರಾಷ್ಟ್ರೀಯ ಯೋಜನೆ ಶೇ 30 ಸ್ಥಾನ ಮೀಸಲಿಡಲು ಸೂಚಿಸಿತ್ತು. ಆಗ ಆ ಖಾತೆಯ ಮಂತ್ರಿ ಆಳ್ವ. ಅದಕ್ಕೂ ಮೊದಲೇ ಕರ್ನಾಟಕದ 1983ರ ಕಾಯ್ದೆ ಶೇ 25 ಸ್ಥಾನ ಮೀಸಲಿಟ್ಟು, 1987ರ ಚುನಾವಣೆಯಲ್ಲಿ ಸಾವಿರಾರು ಹೆಂಗಸರು ಮಂಡಲ ಪಂಚಾಯಿತಿಗಳಿಗೆ ಬಂದಿದ್ದರು. 1989ರ ತಿದ್ದುಪಡಿ ಮಸೂದೆ ರಾಜ್ಯಸಭೆಯಲ್ಲಿ ಬಿತ್ತು. 1992ರ 73ನೇ ತಿದ್ದುಪಡಿಯಲ್ಲಿ ಮೂರನೇ ಒಂದು ಭಾಗ ಸ್ಥಾನ ಗಟ್ಟಿಯಾಯಿತು. ದೇವೇಗೌಡರ ಸರ್ಕಾರ 1996ರ ಸೆಪ್ಟೆಂಬರಿನಲ್ಲಿ ಲೋಕಸಭೆ, ವಿಧಾನಸಭೆಗಳ ಮಹಿಳಾ ಮೀಸಲಾತಿಯ ಮಸೂದೆ ಮಂಡಿಸಿತು. ಆ ಮೀಸಲಾತಿ 106ನೇ ತಿದ್ದುಪಡಿಯಾಗಿ ಅಂಗೀಕಾರವಾಗಲು 2023 ಬರಬೇಕಾಯಿತು. ಈ ಉದ್ದನೆಯ ದಾರಿಯನ್ನು ಒಳಗಿನಿಂದ ಕಂಡವರ ಬರಹ ಸಿಗುವುದು ಅಪರೂಪ.

ಕರ್ನಾಟಕದವರ ಪೈಕಿ ಎಸ್. ನಿಜಲಿಂಗಪ್ಪನವರದು ವಿಶಿಷ್ಟ ಸ್ಥಾನ. ಸಂವಿಧಾನ ಸಭೆಯ ಸದಸ್ಯ, ಚಿತ್ರದುರ್ಗದ ಮೊದಲ ಲೋಕಸಭಾ ಸದಸ್ಯ, ಮುಖ್ಯಮಂತ್ರಿ, 1969ರಲ್ಲಿ ಕಾಂಗ್ರೆಸ್ ಒಡೆದಾಗ ಅದರ ಅಧ್ಯಕ್ಷ. ಅವರ ಆತ್ಮಕಥೆ ‘ಮೈ ಲೈಫ್ ಅಂಡ್ ಪಾಲಿಟಿಕ್ಸ್’ 2000ದಲ್ಲಿ ಬಂತು. ಆ ವರ್ಷದ ಆಗಸ್ಟ್ 8ರಂದು ಅವರು ಚಿತ್ರದುರ್ಗದಲ್ಲಿ ನಿಧನರಾದರು. ಇತಿಹಾಸಕಾರರು ಆತ್ಮಕಥೆಗಿಂತ ಅವರ ದಿನಚರಿಯನ್ನು ಹೆಚ್ಚು ನೆಚ್ಚುತ್ತಾರೆ. ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಎಐಸಿಸಿ ಅಧಿವೇಶನ ಸೇರಿದ್ದು 1969ರ ಜುಲೈಯಲ್ಲಿ. ಇಂದಿರಾ ಗಾಂಧಿ ಪ್ರಧಾನಿಯಾಗಿ ಮುಂದುವರಿಯಲು ಅರ್ಹರೇ ಎಂಬ ಸಂದೇಹವನ್ನು ನಿಜಲಿಂಗಪ್ಪ ಅದೇ ವರ್ಷದ ಮಾರ್ಚಿನಲ್ಲೇ ದಿನಚರಿಯಲ್ಲಿ ಬರೆದುಕೊಂಡಿದ್ದರು. ನವೆಂಬರಿನಲ್ಲಿ ಪಕ್ಷ ಇಬ್ಭಾಗವಾಯಿತು. ಮೂವತ್ತು ವರ್ಷದ ನಂತರ ಬರೆಯುವವನಿಗೆ ಕಥೆಯ ಕೊನೆ ಗೊತ್ತಿರುತ್ತದೆ. ಮಾರ್ಚಿನ ಆ ರಾತ್ರಿ ಬರೆದವರಿಗೆ ಗೊತ್ತಿರಲಿಲ್ಲ. ಆ ಒಂದು ನಮೂದಿನಿಂದ ಜಗಳ ಬೆಂಗಳೂರಿನಲ್ಲಿ ಶುರುವಾದದ್ದಲ್ಲ, ಇಲ್ಲಿಗೆ ಬರುವಾಗಲೇ ಬೆಳೆದುಬಂದಿತ್ತು ಎಂಬುದು ಸ್ಪಷ್ಟವಾಗುತ್ತದೆ.

ಕನ್ನಡದಲ್ಲೇ ಬಂದವುಗಳಲ್ಲಿ ಎಸ್.ಎಂ. ಕೃಷ್ಣ ಅವರ ‘ಸ್ಮೃತಿವಾಹಿನಿ’ ಇದೆ. 1968ರಲ್ಲಿ ಮಂಡ್ಯದ ಉಪಚುನಾವಣೆ ಗೆದ್ದು ಲೋಕಸಭೆಗೆ ಹೋದವರು ಅವರು. ಬಿ. ಜನಾರ್ದನ ಪೂಜಾರಿಯವರ ‘ಸಾಲಮೇಳದ ಸಂಗ್ರಾಮ’ 2018ರಲ್ಲಿ ಬಂತು. 1977ರಿಂದ ಸತತ ನಾಲ್ಕು ಸಲ ಮಂಗಳೂರಿನಿಂದ ಗೆದ್ದು, ಹಣಕಾಸು ರಾಜ್ಯಮಂತ್ರಿಯಾಗಿ ಸಾಲಮೇಳ ನಡೆಸಿದವರು ತಮ್ಮ ಬದುಕಿನ ಕಥೆಗೆ ಆ ಹೆಸರನ್ನೇ ಇಟ್ಟಿದ್ದಾರೆ. ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಎಂಬ ನಾಲ್ಕು ಬ್ಯಾಂಕುಗಳು ಹುಟ್ಟಿದ ಕರಾವಳಿಯವರು, ಅಡವಿಲ್ಲದ ಬಡವರಿಗೆ ಬ್ಯಾಂಕಿನ ಬಾಗಿಲು ತೆರೆಸಲು ಹೊರಟರು. ಸಾಲ ಮರಳದು ಎಂದು ಬ್ಯಾಂಕಿನವರು ಗೊಣಗಿದರು, ಹಣಕಾಸು ತಜ್ಞರು ಟೀಕಿಸಿದರು. ಬಡವನಿಗೆ ಕೊಟ್ಟ ಸಾಲದ ಮೇಲೆ ನಡೆದ ಈ ವಾದ ಲೋಕಸಭೆಯ ಪ್ರಶ್ನೋತ್ತರಗಳಲ್ಲೂ ಇದೆ, ಮಂತ್ರಿಯ ನೆನಪಿನಲ್ಲೂ ಇದೆ. ಎರಡನ್ನೂ ಒಟ್ಟಿಗಿಟ್ಟು ಓದಿದ ಒಂದು ಒಳ್ಳೆಯ ಸಂಶೋಧನ ಪ್ರಬಂಧ ನಮ್ಮ ಅರ್ಥಶಾಸ್ತ್ರ ವಿಭಾಗಗಳಿಂದ ಬರಬೇಕು.

ಹಾಗೆ ಓದುವುದು ಈಗ ಕಷ್ಟವಲ್ಲ. ಲೋಕಸಭೆ, ರಾಜ್ಯಸಭೆಗಳ ಚರ್ಚೆಗಳ ಅಕ್ಷರಶಃ ವರದಿ ಮೊದಲ ದಿನದಿಂದ ಇದೆ. ಅದರ ಬಹುಭಾಗ ಅಂತರ್ಜಾಲದಲ್ಲಿ ಯಾರಿಗೂ ಸಿಗುತ್ತದೆ. 1967ರಲ್ಲಿ ಶಿವಮೊಗ್ಗದಿಂದ ಸಂಯುಕ್ತ ಸೋಷಲಿಸ್ಟ್ ಪಕ್ಷದ ಸದಸ್ಯರಾಗಿ ಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತಾಡಿದಾಗ ಸ್ಪೀಕರ್ ಪೀಠದಲ್ಲಿದ್ದವರು ನೀಲಂ ಸಂಜೀವ ರೆಡ್ಡಿ. ಆ ಮಾತಿನ ಹೆಮ್ಮೆ ನಮ್ಮಲ್ಲಿ ಇನ್ನೂ ಉಳಿದಿದೆ. ಅದೇ ಅಧಿವೇಶನಗಳಲ್ಲಿ ಕರ್ನಾಟಕದ ಉಳಿದ ಸದಸ್ಯರು ಏನು ಕೇಳಿದರು, ಯಾವ ಉತ್ತರ ಪಡೆದರು ಎಂಬುದೂ ಅದೇ ಸಂಪುಟಗಳಲ್ಲಿದೆ. ಕರ್ನಾಟಕದಿಂದ ಇಂದು 28 ಮಂದಿ ಲೋಕಸಭೆಗೆ, 12 ಮಂದಿ ರಾಜ್ಯಸಭೆಗೆ ಹೋಗುತ್ತಾರೆ. ಮಾಜಿಗಳಾಗಿ ಜಿಲ್ಲೆಗಳಲ್ಲಿ ನೆಲೆಸಿರುವ ಹಿರಿಯರೂ ಇದ್ದಾರೆ. ಅವರೆಲ್ಲ ಕೂತು ಪುಸ್ತಕ ಬರೆಯಲಾರರು, ಕೇಳುವವರಿದ್ದರೆ ಹೇಳಬಲ್ಲರು. ನಮ್ಮ ವಿಶ್ವವಿದ್ಯಾಲಯಗಳ ರಾಜ್ಯಶಾಸ್ತ್ರ, ಇತಿಹಾಸ, ಪತ್ರಿಕೋದ್ಯಮ ವಿಭಾಗಗಳು ವರ್ಷಕ್ಕೆ ಇಬ್ಬರನ್ನಾದರೂ ಕೂರಿಸಿ ಮಾತಾಡಿಸಿದರೆ ಕೆಲಸ ಶುರುವಾಗುತ್ತದೆ. ಹೋಗುವ ವಿದ್ಯಾರ್ಥಿ ಮೊದಲು ಆ ಸದಸ್ಯರ ಅವಧಿಯ ಚರ್ಚಾ ವರದಿಯನ್ನು ಓದಿಕೊಂಡಿರಬೇಕು. ಯಾರು ಯಾರಿಗೆ ಕೈಕೊಟ್ಟರು ಎಂಬುದನ್ನು ಆಮೇಲೆ ಕೇಳಿದರಾಯಿತು. ಮೊದಲು ಕೇಳಬೇಕಾದವು ಇವು: ಯಾವ ಸಮಿತಿಯಲ್ಲಿದ್ದಿರಿ, ಯಾವ ಮಸೂದೆಯ ಯಾವ ಕಲಮಿಗೆ ತಿದ್ದುಪಡಿ ಕೊಟ್ಟಿರಿ, ಅದು ಬಿದ್ದುಹೋದಾಗ ಯಾಕೆ ಬಿತ್ತು?